ಹತ್ತಿ ಹೊಲಕ್ಕೆ ಬಂದ ಸೋದರಿಯರು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಿಂದ ಪ್ರತಿ ವರ್ಷ ‘ಬ್ಲೂ ಅಂಡ್ ಗೋಲ್ಡ್’ ಎಂಬ ವಾರ್ಷಿಕ ಸಂಚಿಕೆ ಹೊರಬರುತ್ತಿತ್ತು. ವಿದ್ಯಾರ್ಥಿ ಸಂಘಗಳು ದುಡ್ಡು ಕಟ್ಟಿದರೆ ಅದರಲ್ಲಿ ಒಂದು ಪುಟ ಸಿಗುತ್ತಿತ್ತು, ಆ ಪುಟದಲ್ಲಿ ಸಂಘದ ಸದಸ್ಯರ ಫೋಟೊ ಅಚ್ಚಾಗುತ್ತಿತ್ತು. 1920ರ ದಶಕದ ಆರಂಭದಲ್ಲಿ ಅಲ್ಲಿ ಓದುತ್ತಿದ್ದ ಬೆರಳೆಣಿಕೆಯ ಕಪ್ಪು ಹುಡುಗಿಯರು ತಮ್ಮ ಹೊಸ ಸಂಘಕ್ಕೂ ಒಂದು ಪುಟ ಬೇಕೆಂದು 45 ಡಾಲರ್ ಕಟ್ಟಿ ಫೋಟೊ ತೆಗೆಸಿಕೊಂಡರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಸಂಚಿಕೆ ಕೈಗೆ ಬಂತು, ಅವರ ಫೋಟೊ ಮಾತ್ರ ಬರಲಿಲ್ಲ. ಏಕೆಂದು ವಿಚಾರಿಸಿದಾಗ, ನೀವು ಈ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಮುದಾಯವನ್ನು ಪ್ರತಿನಿಧಿಸುವವರಲ್ಲ ಎಂಬ ಉತ್ತರ ಸಿಕ್ಕಿತು.

ಈ ಘಟನೆಯನ್ನು ಹೇಳಿದವರು ಆ ಸಂಘದ ಸ್ಥಾಪಕರಲ್ಲಿ ಒಬ್ಬರಾದ ಐಡಾ ಲೂಯಿಸ್ ಜಾಕ್ಸನ್. ಮುಪ್ಪಿನಲ್ಲಿ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದವರು ಧ್ವನಿಮುದ್ರಿಸಿಕೊಂಡ ನೆನಪುಗಳಲ್ಲಿ ಅವರು ಇದನ್ನು ವಿವರವಾಗಿ ಹೇಳಿದ್ದಾರೆ. ಸಂಘದ ಹೆಸರು ಆಲ್ಫಾ ಕಪ್ಪಾ ಆಲ್ಫಾ, ಬರ್ಕ್ಲಿಯಲ್ಲಿ ಅದರ ‘ರೋ’ ಶಾಖೆ. 1921ರಲ್ಲಿ ಹುಟ್ಟಿದ ಈ ಶಾಖೆ ಅಮೆರಿಕದ ಪಶ್ಚಿಮ ಕರಾವಳಿಯ ಮೊಟ್ಟಮೊದಲ ಕಪ್ಪು ಸೊರಾರಿಟಿ ಶಾಖೆಗಳ ಸಾಲಿಗೆ ಸೇರಿದ್ದು. ವಾರ್ಷಿಕ ಸಂಚಿಕೆಯಲ್ಲಿ ಜಾಗ ಸಿಗದ ಈ ಹುಡುಗಿ ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಡೀ ದೇಶದ ಸೊರಾರಿಟಿಗೇ ಅಧ್ಯಕ್ಷೆಯಾಗಿ, ಮಿಸಿಸಿಪ್ಪಿಯ ಹತ್ತಿ ಹೊಲಗಳಿಗೆ ವೈದ್ಯರನ್ನು ಕಳಿಸಿದರು. ಅಮೆರಿಕದಲ್ಲಿ ಸ್ವಯಂಸೇವಕರು ನಡೆಸಿದ ಆರೋಗ್ಯ ಸೇವೆಗಳಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ನಮ್ಮಲ್ಲಿ ಆ ಕತೆ ಗೊತ್ತಿರುವವರು ಕಡಿಮೆ.

ಸೊರಾರಿಟಿ ಎಂದರೆ ಕಾಲೇಜಿನ ಹೆಣ್ಣುಮಕ್ಕಳು ಕಟ್ಟಿಕೊಳ್ಳುವ ಸಂಘ. ಹುಡುಗರದ್ದಾದರೆ ಅದು ಫ್ರಟರ್ನಿಟಿ. ಎರಡಕ್ಕೂ ಗ್ರೀಕ್ ಅಕ್ಷರಗಳ ಹೆಸರು, ತಮ್ಮದೇ ಬಣ್ಣ, ತಮ್ಮದೇ ಲಾಂಛನ, ಹೊರಗಿನವರಿಗೆ ಹೇಳಬಾರದ ದೀಕ್ಷಾ ವಿಧಿ ಇರುತ್ತವೆ. ಅಮೆರಿಕದ ಸಿನಿಮಾ ನೋಡಿದವರಿಗೆ ಇವು ಮೋಜು, ಪಾರ್ಟಿ, ರ‍್ಯಾಗಿಂಗ್‌ಗಳ ಅಡ್ಡೆಗಳಾಗಿ ಪರಿಚಯ. ಬಿಳಿಯರ ಸಂಘಗಳು 19ನೇ ಶತಮಾನದಲ್ಲೇ ಬೇರೂರಿದ್ದವು, ಆದರೆ ಕಪ್ಪು ಹುಡುಗಿಯರಿಗೆ ಅವುಗಳ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ಅವರು ತಮ್ಮದನ್ನು ತಾವೇ ಕಟ್ಟಿಕೊಂಡರು.

ಮೊದಲನೆಯದು ಹುಟ್ಟಿದ್ದು ರಾಜಧಾನಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಗುಲಾಮಗಿರಿ ಕೊನೆಗೊಂಡ ಬೆನ್ನಿಗೆ, 1867ರಲ್ಲಿ, ಸ್ಥಾಪನೆಯಾದ ಸಂಸ್ಥೆಯಿದು. ಸೇಂಟ್ ಲೂಯಿಸ್‌ನಿಂದ ಓದಲು ಬಂದಿದ್ದ ಎಥೆಲ್ ಹೆಡ್ಜ್‌ಮನ್‌ಗೆ ಅಧ್ಯಾಪಕಿಯೊಬ್ಬರು ತಮ್ಮ ಕಾಲೇಜಿನ ದಿನಗಳ ಸೊರಾರಿಟಿಯ ಬಗ್ಗೆ ಹೇಳಿದ್ದರು. ನಮಗೂ ಅಂಥದ್ದೊಂದು ಏಕಿರಬಾರದು ಎಂದು ಎಥೆಲ್ ಗೆಳತಿಯರನ್ನು ಕಲೆಹಾಕಿದರು. 1908ರ ಜನವರಿ 15ರಂದು ಮೈನರ್ ಹಾಲ್‌ನಲ್ಲಿ ಸೇರಿದ ಒಂಬತ್ತು ವಿದ್ಯಾರ್ಥಿನಿಯರಿಂದ ಆಲ್ಫಾ ಕಪ್ಪಾ ಆಲ್ಫಾ ಶುರುವಾಯಿತು. ಆಗ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹೆಣ್ಣಿಗೆ ಮತದಾನದ ಹಕ್ಕಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸರಿಗೂ ಅದು ಹೆಸರಿಗಷ್ಟೇ ಉಳಿದಿತ್ತು.

ಐದೇ ವರ್ಷದಲ್ಲಿ ಒಡಕು ಮೂಡಿತು. ಒಡಕಿನಿಂದ ಎರಡು ಕಡೆಯೂ ಒಳ್ಳೆಯದೇ ಆದ ಅಪರೂಪದ ಪ್ರಸಂಗವಿದು. ಸಂಘದಲ್ಲಿದ್ದ 22 ವಿದ್ಯಾರ್ಥಿನಿಯರು ಹೆಸರು, ಬಣ್ಣ, ಧ್ಯೇಯ ಎಲ್ಲವನ್ನೂ ಬದಲಿಸಿ ರಾಜಕೀಯ ಹೋರಾಟಕ್ಕೂ ಕೈಹಾಕಬೇಕೆಂದು ಪಟ್ಟುಹಿಡಿದರು. ಆಗಷ್ಟೇ ಪದವಿ ಮುಗಿಸಿದ್ದ ನೆಲ್ಲಿ ಕ್ವಾಂಡರ್ ಒಪ್ಪಲಿಲ್ಲ. ಅವರು 1913ರ ಜನವರಿ 29ರಂದು ಹಳೆಯ ಹೆಸರನ್ನು ಕಾನೂನುಬದ್ಧವಾಗಿ ನೋಂದಾಯಿಸಿ ಸಂಘಕ್ಕೆ ಶಾಶ್ವತ ನೆಲೆ ಕೊಟ್ಟರು. ಹೊರಹೋದ 22 ಮಂದಿ ಅದೇ ತಿಂಗಳು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಮಾರ್ಚ್ 3ರಂದು, ವುಡ್ರೊ ವಿಲ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವ ಹಿಂದಿನ ದಿನ, ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್‌ನಲ್ಲಿ ನಡೆದ ಭಾರೀ ಮೆರವಣಿಗೆಯಲ್ಲಿ ಡೆಲ್ಟಾ ಹುಡುಗಿಯರು ಹೆಜ್ಜೆಹಾಕಿದರು. ಕಪ್ಪು ಹೆಂಗಸರು ಸಾಲಿನ ಕೊನೆಯಲ್ಲಿ ನಡೆಯಲಿ ಎಂದು ಸಂಘಟಕರಲ್ಲಿ ಕೆಲವರು ಬಯಸಿದ್ದ ಮೆರವಣಿಗೆ ಅದು. ಆಮೇಲೆ 1920ರಲ್ಲಿ ಹೋವರ್ಡ್‌ನಲ್ಲೇ ಜೀಟಾ ಫೈ ಬೀಟಾ, 1922ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಏಳು ಶಿಕ್ಷಕಿಯರಿಂದ ಸಿಗ್ಮಾ ಗಾಮಾ ರೋ ಹುಟ್ಟಿಕೊಂಡವು.

ಬಿಳಿಯರ ಸೊರಾರಿಟಿಗಳಿಗಿಂತ ಇವು ಬೇರೆಯಾಗಿ ಬೆಳೆದದ್ದು ಕಾಲೇಜು ಮುಗಿದ ಮೇಲೆ. ಅಲ್ಲಿ ಸೊರಾರಿಟಿಯೆಂದರೆ ಬಹುಮಟ್ಟಿಗೆ ಓದಿನ ದಿನಗಳ ಒಡನಾಟ. ಇಲ್ಲಿ ಮದುವೆಯಾಗಿ, ನೌಕರಿ ಹಿಡಿದು, ಊರು ಬಿಟ್ಟು ಊರಿಗೆ ಹೋದ ಮೇಲೂ ಸದಸ್ಯತ್ವ ತವರಿನ ನಂಟಿನ ಹಾಗೆ ಕೊನೆತನಕ ಉಳಿಯುತ್ತದೆ. ಪದವಿ ಮುಗಿಸಿದವರಿಗಾಗಿ ಊರೂರಲ್ಲಿ ಪದವೀಧರ ಶಾಖೆಗಳಿವೆ. ಅವುಗಳ ಸದಸ್ಯೆಯರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕಿಯರು, ನರ್ಸುಗಳು, ಸಮಾಜ ಕಾರ್ಯಕರ್ತೆಯರು. ಅಲ್ಲೊಬ್ಬರು ಇಲ್ಲೊಬ್ಬರು ವೈದ್ಯೆ, ವಕೀಲೆ. ಇವರು ತಿಂಗಳಿಗೊಮ್ಮೆ ಸೇರಿ ಲೆಕ್ಕಪತ್ರ ಓದುತ್ತಾರೆ, ವಂತಿಗೆ ಕಟ್ಟುತ್ತಾರೆ, ಊರಿನ ಯಾವ ಹುಡುಗಿಗೆ ಕಾಲೇಜಿನ ಫೀಜು ಕಟ್ಟಬೇಕು, ಚಳಿಗಾಲಕ್ಕೆ ಯಾರ ಮನೆಗೆ ಕೋಟು ಕೊಡಬೇಕು ಎಂದು ತೀರ್ಮಾನಿಸುತ್ತಾರೆ. ಹೊರಗಿನವರ ಕಣ್ಣಿಗೆ ಬೀಳುವುದು ಒಂದೇ ಬಣ್ಣದ ಉಡುಪು, ಮುತ್ತಿನ ಸರ ಮಾತ್ರ. ಹನಿ ಹನಿ ಕೂಡಿಸುವ ಈ ದುಡ್ಡಿಗೂ ಈ ಸಂಪರ್ಕ ಜಾಲಕ್ಕೂ ಎಷ್ಟು ಕಸುವಿತ್ತು ಎನ್ನುವುದು ದೊಡ್ಡ ಕೆಲಸವೊಂದು ಎದುರಾದಾಗ ತಿಳಿಯಿತು.

ಬರ್ಕ್ಲಿಯ ರೋ ಶಾಖೆ ಹುಟ್ಟಿದ ಸನ್ನಿವೇಶ ಹೋವರ್ಡ್‌ನಂತಿರಲಿಲ್ಲ. ಹೋವರ್ಡ್‌ನಲ್ಲಿ ಸುತ್ತಮುತ್ತ ತಮ್ಮವರೇ. ಬರ್ಕ್ಲಿಯಲ್ಲಿ ಜಾಕ್ಸನ್ ಓದಲು ಸೇರಿದಾಗ ಅಲ್ಲಿದ್ದ ಕಪ್ಪು ವಿದ್ಯಾರ್ಥಿಗಳು ಎಲ್ಲ ಸೇರಿ 17 ಮಂದಿ, ಅವರಲ್ಲಿ ಎಂಟು ಹುಡುಗಿಯರು. ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು. ಕ್ಯಾಂಪಸ್ಸಿನ ಉಳಿದ ಬದುಕಿನಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಜತೆಗೆ ಕೂತು ಓದಲು, ಮನಸ್ಸು ಬಿಚ್ಚಿ ಮಾತಾಡಲು ಒಂದು ಗುಂಪು ಬೇಕಾಗಿತ್ತು. ರೋ ಶಾಖೆ ಹುಟ್ಟಿದ 1921ರಲ್ಲೇ ಡೆಲ್ಟಾ ಸಿಗ್ಮಾ ಥೀಟಾ ಕೂಡ ಅಲ್ಲಿ ಶಾಖೆ ತೆರೆಯಿತು. ಇದ್ದ ಕೆಲವೇ ಹುಡುಗಿಯರಿಂದ ಎರಡು ಸಂಘಗಳು ಎದ್ದುನಿಂತದ್ದನ್ನು ನೋಡಿದರೆ ಆ ಹಸಿವು ಎಂಥದ್ದಿತ್ತೆಂದು ಅರ್ಥವಾಗುತ್ತದೆ.

ಜಾಕ್ಸನ್ ಹುಟ್ಟಿದ್ದು 1902ರಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಎಂಟು ಮಕ್ಕಳಲ್ಲಿ ಕಿರಿಯಳು, ಒಬ್ಬಳೇ ಹೆಣ್ಣು. 1918ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಓಕ್ಲಂಡ್‌ಗೆ ಬಂದಿತು. 1922ರಲ್ಲಿ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ ಮುಗಿಸಿದರೂ ಓಕ್ಲಂಡ್‌ನ ಶಾಲೆಗಳು ಅವರಿಗೆ ಕೆಲಸ ಕೊಡಲಿಲ್ಲ. ಮೆಕ್ಸಿಕೊ ಗಡಿಗೆ ಹತ್ತಿರದ ಎಲ್ ಸೆಂಟ್ರೊ ಎಂಬ ಬಿರುಬಿಸಿಲಿನ ಊರಿಗೆ ಹೋಗಿ ಪಾಠ ಮಾಡಿದರು. ಪಟ್ಟು ಬಿಡದೆ ಅರ್ಜಿ ಹಾಕುತ್ತ ಹೋಗಿ, 1920ರ ದಶಕದ ನಡುವೆ ಓಕ್ಲಂಡ್‌ನ ಸರ್ಕಾರಿ ಶಾಲೆಗಳ ಮೊದಲ ಕಪ್ಪು ಶಿಕ್ಷಕಿಯಾದರು. ಬಿಡುವಿನ ವೇಳೆಯೆಲ್ಲ ಸೊರಾರಿಟಿಯ ಕೆಲಸಕ್ಕೆ ಮೀಸಲಾಯಿತು. 1933ರ ಕೊನೆಯ ಹೊತ್ತಿಗೆ ಅವರು ಅದರ ರಾಷ್ಟ್ರೀಯ ಅಧ್ಯಕ್ಷೆ, ಸಂಘದ ಪರಿಭಾಷೆಯಲ್ಲಿ ‘ಸುಪ್ರೀಂ ಬ್ಯಾಸಿಲಿಯಸ್’.

ಅದು ಮಹಾ ಆರ್ಥಿಕ ಕುಸಿತದ ಕಾಲ. ಹುಟ್ಟಿದ ಸೀಮೆಯ ಹಳ್ಳಿಗಳ ಪಾಡು ಜಾಕ್ಸನ್‌ಗೆ ಸಹಿಸಲಾಗದಂತಿತ್ತು. ಹತ್ತಿ ಬಿಡಿಸುವ ಕಾಲ ಬಂದರೆ ಕಪ್ಪು ಮಕ್ಕಳ ಶಾಲೆಗೆ ಬೀಗ. ಪಾಠ ಹೇಳುವವರಲ್ಲಿ ಅನೇಕರು ತಾವೇ ಕೆಲವು ತರಗತಿಗಳಷ್ಟು ಓದಿದವರು. ಮೊದಲು ಈ ಶಿಕ್ಷಕರಿಗೆ ಕಲಿಸೋಣವೆಂದು 1934ರ ಬೇಸಿಗೆಯಲ್ಲಿ ಹೋಮ್ಸ್ ಕೌಂಟಿಯ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ, ಅರೀನಿಯಾ ಮ್ಯಾಲರಿ ನಡೆಸುತ್ತಿದ್ದ ಸೇಂಟ್ಸ್ ಇಂಡಸ್ಟ್ರಿಯಲ್ ಶಾಲೆಯಲ್ಲಿ ಬೇಸಿಗೆ ಶಿಬಿರ ನಡೆಸಿದರು. ಸೊರಾರಿಟಿಯ ಶಿಕ್ಷಕಿಯರು ತಮ್ಮ ರಜೆಯನ್ನು ಇದಕ್ಕೆ ಕೊಟ್ಟು ದೂರದೂರದ ಊರುಗಳಿಂದ ಬಂದರು. ಶಾಲೆಯ ಗ್ರಂಥಾಲಯಕ್ಕೆ ಸುಮಾರು 2,600 ಪುಸ್ತಕಗಳು ಬಂದು ಸೇರಿದವು. ಸಂಜೆ ವಯಸ್ಕರಿಗೂ ತರಗತಿ ನಡೆಯಿತು.

ಶಿಬಿರದಲ್ಲಿ ಅವರಿಗೆ ಕಂಡದ್ದು ಬೇರೆಯೇ. ಮಲೇರಿಯಾದಿಂದ ನಡುಗುವ, ಹಲ್ಲು ಹುಳುಕಾದ, ಹೊಟ್ಟೆಗಿಲ್ಲದೆ ಸೊರಗಿದ ಮಗುವಿಗೆ ಕಾಗುಣಿತ ಕಲಿಸಿ ಮಾಡುವುದೇನು? ಮುಂದಿನ ಬೇಸಿಗೆಗೆ ಶಾಲೆಯಲ್ಲ, ಆಸ್ಪತ್ರೆಯನ್ನು ತರಬೇಕು ಎಂದು ಜಾಕ್ಸನ್ ನಿರ್ಧರಿಸಿದರು. ಅದಕ್ಕೆ ನಾಯಕಿಯಾಗಿ ಸಿಕ್ಕಿದವರು ವಾಷಿಂಗ್ಟನ್‌ನ ಡಾಕ್ಟರ್ ಡೊರೊಥಿ ಬೋಲ್ಡಿಂಗ್ ಫೆರೆಬೀ.

ಫೆರೆಬೀ 1924ರಲ್ಲಿ ಟಫ್ಟ್ಸ್ ವೈದ್ಯಕೀಯ ಕಾಲೇಜಿನಿಂದ ಹೊರಬಂದವರು, ತರಗತಿಯ ಮುಂಚೂಣಿಯಲ್ಲಿದ್ದವರು. ಆದರೂ ಬಿಳಿಯರ ಆಸ್ಪತ್ರೆಗಳು ತರಬೇತಿಗೆ ಸೇರಿಸಿಕೊಳ್ಳಲಿಲ್ಲ. ವಾಷಿಂಗ್ಟನ್‌ನಲ್ಲಿ ಕಪ್ಪು ಜನರಿಗಾಗಿ ಇದ್ದ ಫ್ರೀಡ್‌ಮೆನ್ಸ್ ಆಸ್ಪತ್ರೆ ಅವರಿಗೆ ನೆಲೆಯಾಯಿತು. 1929ರಲ್ಲಿ ಅವರು ದುಡಿಯುವ ತಾಯಂದಿರ ಮಕ್ಕಳಿಗಾಗಿ ಸೌತ್‌ಈಸ್ಟ್ ನೈಬರ್‌ಹುಡ್ ಹೌಸ್ ಎಂಬ ಕೇಂದ್ರ ತೆರೆದರು. ಕೆಲಸಕ್ಕೆ ಹೋದ ತಾಯಿ, ಮನೆಯಲ್ಲಿ ಹಸಿದ ಪುಟ್ಟ ತಮ್ಮ. ಅವನಿಗಾಗಿ ಯಾರದ್ದೋ ಬಾಗಿಲಲ್ಲಿಟ್ಟಿದ್ದ ಹಾಲಿನ ಬಾಟಲಿ ಎತ್ತಿಕೊಂಡ ಸಣ್ಣ ಹುಡುಗನನ್ನು ಪೊಲೀಸರು ಹಿಡಿದ ಪ್ರಸಂಗ ಇದಕ್ಕೆ ಕಾರಣವೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಅಂಥವರಿಗೆ ಮಿಸಿಸಿಪ್ಪಿಗೆ ಬನ್ನಿ ಎಂದು ಹೆಚ್ಚು ಒತ್ತಾಯಿಸಬೇಕಾಗಿರಲಿಲ್ಲ.

1935ರ ಬೇಸಿಗೆ. ತಂಡದಲ್ಲಿ ವೈದ್ಯೆಯರು, ನರ್ಸುಗಳು, ಶಿಕ್ಷಕಿಯರು, ಸಮಾಜ ಕಾರ್ಯಕರ್ತೆಯರು ಸೇರಿ ಸುಮಾರು ಒಂದು ಡಜನ್ ಮಂದಿ. ಸಂಬಳವಿಲ್ಲ. ರೈಲಿಗೆ ಟಿಕೆಟ್ ಕೊಡಲು ನಿರಾಕರಿಸಿದರೆಂದು ಫೆರೆಬೀ ಮುಂದೆ ನೆನೆದಿದ್ದಾರೆ. ಹಾಗಾಗಿ ತಮ್ಮ ಕಾರುಗಳಲ್ಲೇ ಔಷಧಿ, ಲಸಿಕೆ, ಸಲಕರಣೆ ತುಂಬಿಕೊಂಡು ಹೊರಟರು. ವಾಷಿಂಗ್ಟನ್‌ನಿಂದ ಲೆಕ್ಸಿಂಗ್ಟನ್‌ಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಆ ದಾರಿಯುದ್ದಕ್ಕೂ ಕಪ್ಪು ಪ್ರಯಾಣಿಕರಿಗೆ ಹೋಟೆಲಿನಲ್ಲಿ ರೂಮಿಲ್ಲ, ಊಟದ ಮನೆಯಲ್ಲಿ ಜಾಗವಿಲ್ಲ, ಎಷ್ಟೋ ಪೆಟ್ರೋಲ್ ಬಂಕ್‌ಗಳಲ್ಲಿ ಶೌಚಾಲಯವೂ ಇಲ್ಲ. ಇದ್ದ ಬಲವೆಂದರೆ ಸೊರಾರಿಟಿ, ಚರ್ಚು, ನೆಂಟಸ್ತನದ ಪರಿಚಯಗಳು ಮಾತ್ರ.

ಲೆಕ್ಸಿಂಗ್ಟನ್ ತಲುಪಿ ಕ್ಲಿನಿಕ್ ತೆರೆದರು. ರೋಗಿಗಳು ಬರಲಿಲ್ಲ.

ಬರುವಂತಿರಲಿಲ್ಲ. ಅಲ್ಲಿನ ಕಪ್ಪು ಕುಟುಂಬಗಳು ದೊಡ್ಡ ಎಸ್ಟೇಟುಗಳ ಜಮೀನನ್ನು ಕೋರಿಗೆ ಉಳುತ್ತಿದ್ದವು. ಬೀಜ, ಹಿಟ್ಟು, ಬಟ್ಟೆ ಎಲ್ಲವನ್ನೂ ಧಣಿಯ ಅಂಗಡಿಯಿಂದಲೇ ಸಾಲಕ್ಕೆ ತರಬೇಕು. ಹತ್ತಿ ತೂಗಿದ ಮೇಲೆ ಲೆಕ್ಕ ಚುಕ್ತಾ ಮಾಡುವವನೂ ಧಣಿಯೇ. ವರ್ಷದ ಕೊನೆಗೆ ಉಳಿಯುತ್ತಿದ್ದದ್ದು ಬಹುತೇಕ ಸಾಲವೊಂದೇ. ಸಾಲ ತೀರದೆ ಎಸ್ಟೇಟು ಬಿಡುವಂತಿಲ್ಲ. ಊರಿನ ಹೊರಗಿನಿಂದ, ಅದೂ ಉತ್ತರದಿಂದ, ಓದಿದ ಕಪ್ಪು ಹೆಂಗಸರು ಬಂದಿದ್ದಾರೆಂದರೆ ಆಳುಗಳ ತಲೆಯಲ್ಲಿ ಏನಾದರೂ ತುಂಬುತ್ತಾರೆಂದು ಧಣಿಗಳಿಗೆ ಅನುಮಾನ. ಆಳುಗಳನ್ನು ಕ್ಲಿನಿಕ್ಕಿಗೆ ಕಳಿಸುವುದಿಲ್ಲ ಎಂದುಬಿಟ್ಟರು.

ಫೆರೆಬೀ ತಂಡ ಆಗ ತೆಗೆದುಕೊಂಡ ನಿರ್ಧಾರದಿಂದ ಇಡೀ ಯೋಜನೆಯ ಸ್ವರೂಪ ಬದಲಾಯಿತು. ರೋಗಿಗಳು ಬರಲಾಗದಿದ್ದರೆ ಕ್ಲಿನಿಕ್ಕೇ ಹೋಗಲಿ ಎಂದು ಕಾರುಗಳನ್ನು ಎಸ್ಟೇಟುಗಳ ಕಡೆಗೆ ತಿರುಗಿಸಿದರು. ಬೆಳಿಗ್ಗೆ ಸಾಮಾನು ಹೇರಿಕೊಂಡು ಮಣ್ಣುರಸ್ತೆ ಹಿಡಿಯುವುದು, ಎಸ್ಟೇಟಿನ ಚರ್ಚಿನಲ್ಲೋ ಶಾಲೆಯಲ್ಲೋ ಕ್ಲಿನಿಕ್ ಹೂಡುವುದು, ಸಂಜೆ ಎಲ್ಲವನ್ನೂ ಕಟ್ಟಿಕೊಂಡು ಹಿಂದಿರುಗುವುದು, ಇದು ದಿನಚರಿಯಾಯಿತು. ಜನ ಮಕ್ಕಳನ್ನು ಕರೆದುಕೊಂಡು ನಡೆದು ಬಂದರು, ಹೇಸರಗತ್ತೆ ಗಾಡಿಗಳಲ್ಲಿ ಬಂದರು. ಸೊಂಟದಲ್ಲಿ ಬಂದೂಕು ಸಿಕ್ಕಿಸಿಕೊಂಡ ಮೇಸ್ತ್ರಿಗಳು ಕುದುರೆಯ ಮೇಲೆ ಕೂತು ಹತ್ತಿರದಲ್ಲೇ ಕಾವಲಿದ್ದರು. ವೈದ್ಯೆ ರೋಗಿಗೆ ಏನು ಕೇಳುತ್ತಾಳೆ, ರೋಗಿ ಏನು ಉತ್ತರಿಸುತ್ತಾನೆ ಎಂಬುದಕ್ಕೆಲ್ಲ ಅವರ ಕಿವಿ. ಆದ್ದರಿಂದ ಕೂಲಿಯ ಮಾತು, ಸಾಲದ ಮಾತು, ಓಟಿನ ಮಾತು ಯಾವುದೂ ಆ ಆವರಣದಲ್ಲಿ ಬರುವಂತಿರಲಿಲ್ಲ. ಗಂಟಲು ನೋಡಿದರು, ಎದೆಬಡಿತ ಕೇಳಿದರು, ತೋಳಿಗೆ ಚುಚ್ಚಿದರು.

ಗಂಟಲುಮಾರಿ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಡಿಫ್ತೀರಿಯಾಕ್ಕೆ, ಸಿಡುಬಿಗೆ ಮಕ್ಕಳಿಗೆ ಲಸಿಕೆ ಹಾಕಿದರು. ಮಲೇರಿಯಾಕ್ಕೆ, ಸಿಫಿಲಿಸ್‌ನಂಥ ರೋಗಗಳಿಗೆ ದೊಡ್ಡವರಿಗೆ ಚಿಕಿತ್ಸೆ ಕೊಟ್ಟರು. ಹಲ್ಲು ನೋಡುವ ಏರ್ಪಾಡೂ ಇತ್ತು. ಹಲ್ಲುಜ್ಜುವ ಬ್ರಷ್ಷನ್ನೇ ಕಂಡಿರದ ಮಕ್ಕಳ ಕೈಗೆ ಬ್ರಷ್ ಕೊಟ್ಟು ಉಜ್ಜುವುದನ್ನು ತೋರಿಸಿಕೊಟ್ಟರು. ತಾಯಂದಿರಿಗೆ ಅಡುಗೆ, ಶುಚಿತ್ವ, ಕೂಸಿನ ಆರೈಕೆಯ ಪಾಠ.

ಆಹಾರದ ಪಾಠ ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತಿ ಸೀಮೆಯ ಬಡವರ ಊಟವೆಂದರೆ ಉಪ್ಪುಹಾಕಿದ ಹಂದಿಯ ಕೊಬ್ಬು, ಮೆಕ್ಕೆಜೋಳದ ಹಿಟ್ಟು, ಕಾಕಂಬಿ. ವರ್ಷವಿಡೀ ಅದೇ. ಮೆಕ್ಕೆಜೋಳವನ್ನೇ ನೆಚ್ಚಿಕೊಂಡವರಿಗೆ ನಯಾಸಿನ್ ಎಂಬ ಜೀವಸತ್ವ ಸಾಲದೆ ಪೆಲಾಗ್ರ ಬರುತ್ತದೆ. ಬಿಸಿಲು ಬಿದ್ದಲ್ಲಿ ಚರ್ಮ ಕಪ್ಪುಗಟ್ಟಿ ಸುಲಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿ ಕಲಕುತ್ತದೆ. ಇದು ಸೋಂಕಲ್ಲ, ಊಟದ ಕೊರತೆ ಎಂದು ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ತೋರಿಸಿದ್ದು ಇದೇ ಮಿಸಿಸಿಪ್ಪಿಯ ಜೈಲೊಂದರ ಕೈದಿಗಳ ಮೇಲೆ ಪ್ರಯೋಗ ಮಾಡಿ. ದಖನ್ನಿನಲ್ಲಿ ಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲೂ ಪೆಲಾಗ್ರ ಇದ್ದುದನ್ನು ಹೈದರಾಬಾದಿನಲ್ಲಿ ಡಾಕ್ಟರ್ ಸಿ. ಗೋಪಾಲನ್ ಮತ್ತವರ ಸಹೋದ್ಯೋಗಿಗಳು ಮುಂದೆ ಅಧ್ಯಯನ ಮಾಡಿದ್ದಾರೆ. ತರಕಾರಿ, ಹಾಲು, ಮೊಟ್ಟೆ ತಿನ್ನಿ ಎಂದು ಹೇಳುವುದು ಸುಲಭ. ಆದರೆ ಬಹಳ ಕಡೆ ಮನೆಯ ಗೋಡೆಗೆ ತಾಗುವವರೆಗೂ ಹತ್ತಿಯನ್ನೇ ಬಿತ್ತಿದ್ದರು. ಬದನೆಯ ನಾಲ್ಕು ಗಿಡ ಊರಲು ಕುಟುಂಬಕ್ಕೆ ತುಂಡು ನೆಲವಿರಲಿಲ್ಲ.

ಆ ಹೆಂಗಸರಿಗೆ ಇದು ಅರ್ಥವಾಗದೆ ಇರಲಿಲ್ಲ. ಪ್ರತಿ ವರ್ಷದ ಕೆಲಸದ ವರದಿಯನ್ನು ಅವರು ಅಚ್ಚುಹಾಕಿಸುತ್ತಿದ್ದರು. ಎಷ್ಟು ಚುಚ್ಚುಮದ್ದು ಎಂಬ ಲೆಕ್ಕದ ಜತೆಗೆ ಮನೆಗಳ ಸ್ಥಿತಿ, ಊಟ, ಆದಾಯ ಎಲ್ಲವನ್ನೂ ಬರೆದರು. ಕಾಯಿಲೆಯ ಬೇರು ಕೋರಿನ ವ್ಯವಸ್ಥೆಯಲ್ಲಿದೆ, ಔಷಧಿಯೊಂದೇ ಅದನ್ನು ಕೀಳಲಾರದು ಎಂಬ ಅರಿವು ಫೆರೆಬೀ ಅವರ ಬರವಣಿಗೆಯಲ್ಲಿದೆ. ಎಸ್ಟೇಟಿನಲ್ಲಿ ಬಾಯಿ ಕಟ್ಟಿಕೊಂಡು ದುಡಿದದ್ದನ್ನು ಹೇಡಿತನ ಎಂದು ದೂರ ಕೂತು ತೀರ್ಮಾನಿಸುವುದು ಸರಿಯಲ್ಲ. ಒಂದು ಮಾತು ಹೆಚ್ಚಾಗಿದ್ದರೆ ಮರುದಿನ ಗೇಟು ಮುಚ್ಚುತ್ತಿತ್ತು, ಲಸಿಕೆ ಸಿಗದೆ ಹೋಗುತ್ತಿದ್ದದ್ದು ಮಕ್ಕಳಿಗೆ.

ಮರುವರ್ಷದಿಂದ ಕೆಲಸ ಬೊಲಿವರ್ ಕೌಂಟಿಗೆ ವಿಸ್ತರಿಸಿತು. ಅಲ್ಲಿನ ಮೌಂಡ್ ಬಾಯು ವಿಶೇಷವಾದ ಊರು. ಗುಲಾಮಗಿರಿಯಿಂದ ಬಿಡುಗಡೆಯಾದ ಐಸಾಯಾ ಮಾಂಟ್‌ಗೊಮರಿ ಮತ್ತು ಸಂಗಡಿಗರು 1887ರಲ್ಲಿ ಕಾಡು ಕಡಿದು ಕಟ್ಟಿದ, ಪೂರ್ತಿ ಕಪ್ಪು ಜನರದ್ದೇ ಆದ ಪಟ್ಟಣವದು. ಏಳು ಬೇಸಿಗೆ, ಪ್ರತಿ ಸಲ ಕೆಲವು ವಾರ, ಹೀಗೆ ಕೆಲಸ ನಡೆಯಿತು. ಲಸಿಕೆ ಪಡೆದ ಮಕ್ಕಳು ಒಟ್ಟು 15,000ಕ್ಕೂ ಹೆಚ್ಚು. ಇದಕ್ಕೆ ದುಡ್ಡು ಬಂದದ್ದು ದೇಶದ ಮೂಲೆಮೂಲೆಯ ಶಾಖೆಗಳಿಂದ. ಸರ್ಕಾರದ ಸರ್ಜನ್ ಜನರಲ್ ಥಾಮಸ್ ಪ್ಯಾರನ್ ಈ ಕೆಲಸವನ್ನು ಮೆಚ್ಚಿ ಮಾತಾಡಿದರು. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದು ಪೆಟ್ರೋಲು, ಟೈರುಗಳಿಗೆ ರೇಷನ್ ಬಂದ ಮೇಲೆ, 1942ರ ಹೊತ್ತಿಗೆ, ಕಾರುಗಳು ನಿಂತವು. ಯೋಜನೆಯೂ ನಿಂತಿತು.

ಇದೇ ವರ್ಷಗಳಲ್ಲಿ ಹೋವರ್ಡ್ ವಿಶ್ವವಿದ್ಯಾಲಯಕ್ಕೂ ನಮ್ಮ ಮೈಸೂರಿಗೂ ಒಂದು ನಂಟು ಏರ್ಪಟ್ಟಿತು. ಅಲ್ಲಿನ ಧರ್ಮಶಾಸ್ತ್ರ ವಿಭಾಗದ ಡೀನ್ ಬೆಂಜಮಿನ್ ಮೇಸ್, 1937ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಬಂದಿದ್ದರು. ಅದಕ್ಕೆ ಮೊದಲು ಗಾಂಧೀಜಿಯನ್ನೂ ಕಂಡಿದ್ದರು. ಆ ಪ್ರವಾಸದಲ್ಲಿ ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳ ಮುಂದೆ ನಿಲ್ಲಿಸಿ, ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರು, ಆದರೂ ಇಷ್ಟೆತ್ತರಕ್ಕೆ ಬೆಳೆದಿದ್ದಾರೆ ಎಂಬ ಅರ್ಥದಲ್ಲಿ ಪರಿಚಯಿಸಿದರು. ಮೊದಲು ಬೆಚ್ಚಿಬಿದ್ದ ಮೇಸ್, ಯೋಚಿಸಿದಾಗ ಆ ಮಾತು ನಿಜವೆನಿಸಿತು ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಗುರುವೆಂದು ಕಂಡದ್ದು ಇದೇ ಮೇಸ್ ಅವರನ್ನು.

ಹತ್ತಿ ಹೊಲದಲ್ಲಿ ಆಡಲಾಗದ ಮಾತನ್ನು ಸೊರಾರಿಟಿ ವಾಷಿಂಗ್ಟನ್‌ನಲ್ಲಿ ಆಡಿತು. ಸಂಘವನ್ನು ನೋಂದಾಯಿಸಿದವರಲ್ಲಿ ಒಬ್ಬರಾದ ಶಿಕ್ಷಕಿ ನಾರ್ಮಾ ಬಾಯ್ಡ್ ಅವರ ಪ್ರಯತ್ನದಿಂದ 1938ರಲ್ಲಿ ಪಕ್ಷಾತೀತ ಲಾಬಿ ಕಚೇರಿ ತೆರೆಯಿತು. ಕಪ್ಪು ಜನರ ಹಿತಕ್ಕೆ ಸಂಬಂಧಿಸಿದ ಮಸೂದೆಗಳ ಬೆನ್ನುಹತ್ತಿ ಸಂಸತ್ತಿನ ಸದಸ್ಯರನ್ನು ಕಾಣುವುದೇ ಅದರ ಕೆಲಸ. ಹೊಲದಲ್ಲಿ ಚುಚ್ಚುಮದ್ದು, ರಾಜಧಾನಿಯಲ್ಲಿ ಅಹವಾಲು. ಎರಡನ್ನೂ ಒಂದೇ ಸಂಘ, ಒಂದೇ ವಂತಿಗೆಯ ದುಡ್ಡಿನಲ್ಲಿ ನಡೆಸಿತು ಎಂಬುದು ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದ ಸಂಗತಿ. ಸೇವೆ ಬೇರೆ, ಹಕ್ಕಿನ ಹೋರಾಟ ಬೇರೆ ಎಂದು ನಾವು ಎಳೆಯುವ ಗೆರೆ ಅವರಿಗೆ ಇರಲಿಲ್ಲ.

ಟೀಕೆಗಳೂ ಇದ್ದವು, ಅವುಗಳಲ್ಲಿ ಹುರುಳೂ ಇತ್ತು. ಹೋವರ್ಡ್‌ನಲ್ಲೇ ಪಾಠ ಹೇಳುತ್ತಿದ್ದ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್, 1957ರಲ್ಲಿ ಪ್ರಕಟವಾದ ‘ಬ್ಲ್ಯಾಕ್ ಬೂರ್ಜ್ವಾಸಿ’ ಪುಸ್ತಕದಲ್ಲಿ ಈ ಸಂಘಗಳ ಆಡಂಬರವನ್ನು, ಪ್ರತಿಷ್ಠೆಯ ಹುಚ್ಚನ್ನು ಕಟುವಾಗಿ ಖಂಡಿಸಿದರು. ಅನುಕೂಲಸ್ಥರ, ತಿಳಿಬಣ್ಣದವರ ಮಕ್ಕಳಿಗೇ ಮಣೆ ಎಂಬ ದೂರು ಬಹಳ ಕಾಲ ಇತ್ತು. ದೀಕ್ಷೆಯ ನೆಪದಲ್ಲಿ ಹೊಸಬರನ್ನು ಗೋಳುಹೊಯ್ದುಕೊಳ್ಳುವ ಪಿಡುಗು ಇಲ್ಲಿಯೂ ಇತ್ತು. ಕಪ್ಪು ಸೊರಾರಿಟಿ, ಫ್ರಟರ್ನಿಟಿಗಳೆಲ್ಲ ಕೂಡಿ 1990ರಲ್ಲಿ ‘ಪ್ಲೆಡ್ಜಿಂಗ್’ ಪದ್ಧತಿಯನ್ನೇ ರದ್ದುಮಾಡಿದವು. ಆದರೂ ಕದ್ದುಮುಚ್ಚಿ ನಡೆಯುವುದು ಪೂರ್ತಿ ನಿಂತಿಲ್ಲ. ಫೆರೆಬೀ ತಂಡದ ನೆನಪನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಘಗಳು ಇದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಮುಂದಿನ ತಲೆಮಾರಿನ ಕೆಲಸ ಬೇರೆ ಬೇರೆ ದಿಕ್ಕು ಹಿಡಿಯಿತು. ಡೆಲ್ಟಾ ಸಿಗ್ಮಾ ಥೀಟಾದ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದ ಡೊರೊಥಿ ಹೈಟ್ 1952ರಲ್ಲಿ ದೆಹಲಿಗೆ ಬಂದು ದೆಹಲಿ ಸ್ಕೂಲ್ ಆಫ್ ಸೋಶಿಯಲ್ ವರ್ಕ್‌ನಲ್ಲಿ ಕೆಲವು ತಿಂಗಳು ಪಾಠ ಹೇಳಿದರು. 1964ರಲ್ಲಿ ಕಪ್ಪು ಮತ್ತು ಬಿಳಿ ಮಹಿಳೆಯರ ತಂಡಗಳನ್ನು ಒಟ್ಟಿಗೆ ಮಿಸಿಸಿಪ್ಪಿಗೆ ಕಳಿಸಿದವರೂ ಅವರೇ. ಆಲ್ಫಾ ಕಪ್ಪಾ ಆಲ್ಫಾ 1965ರಲ್ಲಿ ಸರ್ಕಾರದಿಂದ ಗುತ್ತಿಗೆ ಪಡೆದು ಕ್ಲೀವ್‌ಲಂಡ್‌ನಲ್ಲಿ ಬಡ ಹುಡುಗಿಯರಿಗೆ ಉದ್ಯೋಗ ತರಬೇತಿ ಕೇಂದ್ರ ನಡೆಸಿತು. ಭಾರತದ ಓದುಗರಿಗೆ ಈ ಸಂಘದ ಹೆಸರು ಕಿವಿಗೆ ಬಿದ್ದದ್ದು ಬಹುಶಃ ಕಮಲಾ ಹ್ಯಾರಿಸ್ ಅವರಿಂದ. 1986ರಲ್ಲಿ ಅವರು ಸದಸ್ಯೆಯಾದದ್ದು ಹೋವರ್ಡ್‌ನ ಮೊದಲ ಶಾಖೆಯಾದ ‘ಆಲ್ಫಾ’ದಲ್ಲಿ. ಅವರ ತಾಯಿ ಶ್ಯಾಮಲಾ ಗೋಪಾಲನ್ ಸಂಶೋಧನೆಗೆಂದು ಬಂದು ಓದಿದ್ದು ಐಡಾ ಜಾಕ್ಸನ್ ಓದಿದ ಬರ್ಕ್ಲಿಯಲ್ಲೇ.

ಜಾಕ್ಸನ್ 1953ರವರೆಗೆ ಓಕ್ಲಂಡ್‌ನ ಶಾಲೆಗಳಲ್ಲಿ ಪಾಠ ಹೇಳಿದರು. ಮೆಂಡೊಸಿನೊ ಕೌಂಟಿಯಲ್ಲಿ ತಮಗಿದ್ದ ಜಮೀನನ್ನು 1979ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟು, ಅದರ ಆದಾಯದಿಂದ ಕಪ್ಪು ವಿದ್ಯಾರ್ಥಿಗಳಿಗೆ ಉನ್ನತ ವ್ಯಾಸಂಗದ ವೇತನ ಸಿಗುವಂತೆ ಮಾಡಿದರು. 1996ರಲ್ಲಿ ತೀರಿಕೊಂಡರು. ಕ್ಯಾಂಪಸ್ಸಿನ ಬಳಿಯ ವಿದ್ಯಾರ್ಥಿ ವಸತಿಗೃಹವೊಂದಕ್ಕೆ ಈಗ ಅವರದೇ ಹೆಸರಿದೆ.

ಮೌಂಡ್ ಬಾಯುವಿನ ಕತೆಯೂ ಅಲ್ಲಿಗೆ ನಿಲ್ಲಲಿಲ್ಲ. ಸೊರಾರಿಟಿಯ ಕಾರುಗಳು ನಿಂತ 1942ರಲ್ಲೇ, ‘ನೈಟ್ಸ್ ಅಂಡ್ ಡಾಟರ್ಸ್ ಆಫ್ ಟೇಬರ್’ ಎಂಬ ಇನ್ನೊಂದು ಕಪ್ಪು ಸಹಾಯ ಸಂಘ ಸದಸ್ಯರ ವಂತಿಗೆಯಿಂದ ಅಲ್ಲಿ ಟಬೋರಿಯನ್ ಆಸ್ಪತ್ರೆ ಕಟ್ಟಿತು. 1967ರಲ್ಲಿ ಫೆರೆಬೀ ಓದಿದ ಟಫ್ಟ್ಸ್ ವೈದ್ಯಕೀಯ ಕಾಲೇಜಿನ ಬೆಂಬಲದಿಂದ, ಸರ್ಕಾರದ ಅನುದಾನದಲ್ಲಿ, ಡಾಕ್ಟರ್ ಜ್ಯಾಕ್ ಗೀಗರ್ ಮತ್ತು ಸಂಗಡಿಗರು ಅಲ್ಲೊಂದು ಆರೋಗ್ಯ ಕೇಂದ್ರ ತೆರೆದರು. ಅಪೌಷ್ಟಿಕತೆಯಿಂದ ಬಳಲಿ ಬಂದ ಮಕ್ಕಳಿಗೆ ವೈದ್ಯರು ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಬರೆದುಕೊಟ್ಟರು. ಊರಿನ ದಿನಸಿ ಅಂಗಡಿ ಅದನ್ನು ಕೊಟ್ಟು ಬಿಲ್ಲನ್ನು ಕೇಂದ್ರಕ್ಕೆ ಕಳಿಸಿತು, ಕೇಂದ್ರ ಅದನ್ನು ಔಷಧಿಯ ಖರ್ಚಿಗೆ ಬರೆಯಿತು. ಜನರಿಗೆ ಬಾವಿ ತೋಡಿಸಿಕೊಟ್ಟರು, ತರಕಾರಿ ಬೆಳೆಯಲು ಸಹಕಾರಿ ತೋಟ ಶುರುಮಾಡಿದರು. ದೇಶದ ಮೊದಲ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅದೊಂದು. ಇವತ್ತು ಅಂಥ ಕೇಂದ್ರಗಳಿಂದ ಅಮೆರಿಕದಲ್ಲಿ ಮೂರು ಕೋಟಿ ಜನ ಚಿಕಿತ್ಸೆ ಪಡೆಯುತ್ತಾರೆ, ಮೌಂಡ್ ಬಾಯುವಿನ ಕೇಂದ್ರವೂ ನಡೆಯುತ್ತಿದೆ.

ಆಲ್ಫಾ ಕಪ್ಪಾ ಆಲ್ಫಾಕ್ಕೆ ಈಗ ಮೂರು ಲಕ್ಷಕ್ಕೂ ಹೆಚ್ಚು ಸದಸ್ಯೆಯರು, ಸಾವಿರಕ್ಕೂ ಮಿಕ್ಕಿದ ಶಾಖೆಗಳು. ಇತ್ತೀಚೆಗೆ ಸಂಘ ಸ್ತನ ಕ್ಯಾನ್ಸರ್ ಪತ್ತೆಗೆ ಮ್ಯಾಮೊಗ್ರಾಂ ಯಂತ್ರ ಕೂರಿಸಿದ ಸಂಚಾರಿ ವಾಹನವನ್ನು ರಸ್ತೆಗಿಳಿಸಿದೆ. ತಪಾಸಣೆಗೆ ಆಸ್ಪತ್ರೆಯವರೆಗೆ ಹೋಗಲು ಬಿಡುವೂ ದುಡ್ಡೂ ಇಲ್ಲದ ಹೆಂಗಸರಿರುವ ಕಡೆಗೆ ಅದು ಹೋಗುತ್ತದೆ.